ಪೆಟ್ಟಿಗೆಯೊಳಗಿನ ಮೂರು ತಿಂಗಳು

ಬರ, ನೆರೆ, ಭೂಕಂಪ, ಯುದ್ಧಗಳಲ್ಲಿ ನೊಂದವರಿಗೆ ಕಳಿಸುವ ಔಷಧಿ ಪೆಟ್ಟಿಗೆಯ ಹಿಂದೆ ಯಾವಾಗಲೂ ಒಂದು ಲೆಕ್ಕ ಇರುತ್ತದೆ. ಇಷ್ಟು ಜನಕ್ಕೆ, ಇಷ್ಟು ದಿನಕ್ಕೆ, ಇಂಥ ಕಾಯಿಲೆಗೆ ಎಂದು ಮೊದಲೇ ಎಣಿಸಿ ಮದ್ದು ತುಂಬುತ್ತಾರೆ. ಈ ಮೂರರಲ್ಲಿ ಹೆಚ್ಚು ತಪ್ಪುವುದು ದಿನದ ಲೆಕ್ಕ. ವಾಂತಿಭೇದಿ ವಾರದಲ್ಲಿ ಮುಗಿಯುತ್ತದೆ, ಗಾಯ ತಿಂಗಳಲ್ಲಿ ಮಾಯುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಉಬ್ಬಸ, ಮೂರ್ಛೆರೋಗಗಳಿಗೆ ಮಾತ್ರ ಕೊನೆಯ ದಿನ ಎಂಬುದಿಲ್ಲ. ಇವಕ್ಕೆಂದೇ ಬೇರೆಯ ಪೆಟ್ಟಿಗೆಯೊಂದನ್ನು ಜಗತ್ತು ರೂಪಿಸಿಕೊಂಡದ್ದು 2016–17ರಲ್ಲಿ. ಅಲ್ಲಿಗೆ ಬರುವ ಮುನ್ನ ಸಂಕಟಕಾಲದ ವೈದ್ಯ ನೆರವು ನಡೆದುಬಂದ ದಾರಿಯ ಬಹುಪಾಲು ಹಂತಗಳು ಚಿತ್ರದುರ್ಗ ಜಿಲ್ಲೆಯ ಹಿರಿಯೂರು ಸೀಮೆಯೊಂದರಲ್ಲೇ ಕಾಣಸಿಗುತ್ತವೆ.

ಹಿರಿಯೂರು ವೇದಾವತಿಯ ದಂಡೆಯ ಊರು. ತೇರು ಮಲ್ಲೇಶ್ವರನ ಗುಡಿ ಇರುವ ಊರು. ಬಾಬಾಬುಡನ್‌ಗಿರಿಯ ಕಡೆಯಿಂದ ಇಳಿದು ಬರುವ ಹೊಳೆ ಇಲ್ಲಿಗೆ ತಲುಪುವಷ್ಟರಲ್ಲಿ ಮಲೆನಾಡಿನ ಮಳೆ ಹಿಂದೆ ಉಳಿದಿರುತ್ತದೆ. ಪಶ್ಚಿಮಕ್ಕಿರುವ ಹೊಳಲ್ಕೆರೆ, ಹೊಸದುರ್ಗಗಳಿಗೆ ಸ್ವಲ್ಪ ಹೆಚ್ಚು ಮಳೆ. ಪೂರ್ವಕ್ಕೆ ಹಿರಿಯೂರು, ಚಳ್ಳಕೆರೆಗಳತ್ತ ಬಂದಂತೆ ನೆಲ ಒಣಗುತ್ತ ಹೋಗುತ್ತದೆ. ರಾಗಿ, ಜೋಳ, ಕಡಲೆಕಾಯಿ ಬೆಳೆಯುವ ಈ ಬಯಲುಸೀಮೆಯಲ್ಲಿ ಮುಂಗಾರು, ಹಿಂಗಾರು ಎರಡೂ ಒಂದೇ ವರ್ಷ ಕೈಕೊಟ್ಟರೆ ಉಳಿದದ್ದೆಲ್ಲ ಬರವೇ. ಹಳ್ಳಿಯ ನಾಟಿ ವೈದ್ಯನ ಮದ್ದಿನ ಚೀಲವೇ ಆಗ ಇದ್ದ ಔಷಧಿ ಪೆಟ್ಟಿಗೆ. ಅಳಲೆಕಾಯಿ, ಅಮೃತಬಳ್ಳಿ, ನೆಲಬೇವು, ಶುಂಠಿ, ಮೆಣಸು ಅದರಲ್ಲಿ ಇರುತ್ತಿದ್ದವು. ಖಾಲಿಯಾದರೆ ಹೊಲದ ಬದುವಿನಿಂದಲೋ ಸಂತೆಯಿಂದಲೋ ಅದು ಮತ್ತೆ ತುಂಬುತ್ತಿತ್ತು. ಬರ ಬಿದ್ದಾಗ ಬದುವೂ ಒಣಗಿತು, ಸಂತೆಯೂ ನಿಂತಿತು, ವೈದ್ಯನೇ ಗುಳೆ ಹೊರಟ. ಸಂಕಟಕಾಲ ಎಂದರೇನು ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ: ಕಾಯಿಲೆ ಹೆಚ್ಚುವ ದಿನವೇ ಮದ್ದು ಸಿಗುವ ದಾರಿಯೂ ಮುಚ್ಚಿಹೋಗುತ್ತದೆ.

ಧಾತು, ಈಶ್ವರ ಸಂವತ್ಸರಗಳ ಬರ (1876–78) ಮೈಸೂರು ಸಂಸ್ಥಾನ ಕಂಡ ಅತಿ ದೊಡ್ಡ ದುರಂತ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412 ಇತ್ತು. 1881ರಲ್ಲಿ ಅದು 41,86,188ಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಹೆಚ್ಚಬೇಕಾಗಿದ್ದ ತಲೆಗಳನ್ನು ಬಿಟ್ಟರೂ, ಇದ್ದ ತಲೆಗಳಲ್ಲೇ ಎಂಟೂವರೆ ಲಕ್ಷಕ್ಕೂ ಹೆಚ್ಚು ಕಡಿಮೆ. ಚಿತ್ರದುರ್ಗ, ತುಮಕೂರು, ಕೋಲಾರದಂಥ ಒಣ ಜಿಲ್ಲೆಗಳಿಗೆ ಪೆಟ್ಟು ಜೋರಾಗಿ ಬಿತ್ತು. ಸಂಸ್ಥಾನ ಆಗ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. 1877ರಲ್ಲಿ ಕ್ಷಾಮ ಕಮಿಷನರಾಗಿ ಬಂದ ಚಾರ್ಲ್ಸ್ ಎಲಿಯಟ್ ಈ ಬರದ ವಿವರವಾದ ವರದಿಯನ್ನೂ ಬರೆದ. ನೆರವು ಎಂದರೆ ಎರಡು ಬಗೆ. ಮೈಯಲ್ಲಿ ಕಸುವಿದ್ದವರಿಗೆ ರಸ್ತೆ, ಕೆರೆಗಳ ಕಾಮಗಾರಿ, ಇಲ್ಲದವರಿಗೆ ಗಂಜಿ. ಕೂಲಿಯ ಲೆಕ್ಕದ ಮೇಲೆ ದೊಡ್ಡ ವಾಗ್ವಾದವೇ ನಡೆಯಿತು. ದಿನಕ್ಕೆ ಒಂದು ಪೌಂಡ್ ಧಾನ್ಯದಷ್ಟು ಕೂಲಿ ಸಾಕೆಂದು ಭಾರತ ಸರ್ಕಾರ ಕಳಿಸಿದ ಕ್ಷಾಮ ಪ್ರತಿನಿಧಿ ರಿಚರ್ಡ್ ಟೆಂಪಲ್ ಹಟ ಹಿಡಿದ. ಅಷ್ಟರಲ್ಲಿ ದುಡಿಯುವ ದೇಹ ಉಳಿಯುವುದಿಲ್ಲವೆಂದು ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಷ್ ಬಲವಾಗಿ ವಿರೋಧಿಸಿದರು. ನೆರವಿನ ಅಳತೆಯನ್ನು ಕಚೇರಿಯ ಕಾಗದದ ಬದಲು ಪಡೆಯುವವನ ದೇಹದಿಂದ ಒರೆಗೆ ಹಚ್ಚಬೇಕು ಎಂಬ ಮಾತನ್ನು ದಕ್ಷಿಣ ಭಾರತದಲ್ಲಿ ಇಷ್ಟು ಗಟ್ಟಿಯಾಗಿ ಎತ್ತಿದವರಲ್ಲಿ ಕಾರ್ನಿಷ್ ಮುಖ್ಯರು.

ಹಸಿವಿಗಿಂತ ಹೆಚ್ಚಾಗಿ ಹಸಿವಿನ ಬೆನ್ನಿಗೆ ಬಂದ ಕಾಯಿಲೆಗಳು ಕೊಂದವು. ಕಾಲರಾ, ಆಮಶಂಕೆ, ಮೈ ಬಾವು; 1877ರ ಕೊನೆಗೆ ಮಳೆ ಮರಳಿದ ಮೇಲೆ ಚಳಿಜ್ವರ. ಬರದ ಕಾಮಗಾರಿಗಳ ಜೊತೆಗೆ ವೈದ್ಯ ಸಹಾಯಕ, ಅವನ ಕೈಯಲ್ಲಿ ಮದ್ದಿನ ಪೆಟ್ಟಿಗೆ ಇರಬೇಕೆಂಬ ಕ್ರಮ ಗಟ್ಟಿಯಾದದ್ದು ಈ ಅನುಭವದಿಂದ. 1880ರ ಕ್ಷಾಮ ಆಯೋಗ, ಅದರ ಬೆನ್ನಿಗೆ 1883ರಲ್ಲಿ ಬಂದ ಕ್ಷಾಮ ಸಂಹಿತೆಯ ಕರಡು ನೆರವಿಗೊಂದು ಕಟ್ಟುಪಾಡು ತಂದವು. ಹಳೆಯ ಕಾಯಿಲೆಯವರು ಈ ಸಂಹಿತೆಯಲ್ಲಿ ಒಂದೇ ಕಡೆ ಕಾಣಿಸುತ್ತಾರೆ: ಕೆಲಸ ಮಾಡಲಾಗದ ಮುದುಕರು, ಕುರುಡರು, ಕುಂಟರು, ನಿಶ್ಶಕ್ತರು ಎಂಬ ಪಟ್ಟಿಯಲ್ಲಿ. ಅವರಿಗೆ ಮನೆಬಾಗಿಲಲ್ಲೇ ಧರ್ಮಾರ್ಥ ಧಾನ್ಯ ಸಿಗಬೇಕಿತ್ತು. ಮದ್ದಿನ ಮಾತು ಅಲ್ಲಿಲ್ಲ. ಆ ಕಾಲಕ್ಕೆ ಕೊಡಲು ಮದ್ದೂ ಇರಲಿಲ್ಲವೆಂಬುದು ನಿಜ. ಇನ್ಸುಲಿನ್ ಕೈಗೆ ಬಂದದ್ದು 1921–22ರಲ್ಲಿ. ಆದರೆ ಬಹುದಿನದ ಕಾಯಿಲೆಯವನು ಅನ್ನಕ್ಕೆ ಪಾತ್ರ, ಚಿಕಿತ್ಸೆಗೆ ಅಲ್ಲ ಎಂಬ ಆ ವಿಂಗಡಣೆ ಮದ್ದು ಬಂದ ಮೇಲೂ ಬಹಳ ಕಾಲ ಹಾಗೆಯೇ ಉಳಿಯಿತು.

ಬರದ ನೆನಪೇ ಹಿರಿಯೂರಿಗೆ ಅಣೆಕಟ್ಟನ್ನೂ ತಂದಿತು. ಊರಿನ ಪಶ್ಚಿಮಕ್ಕೆ ಎರಡು ಗುಡ್ಡಗಳ ನಡುವೆ ವೇದಾವತಿ ನುಗ್ಗಿ ಹರಿಯುವ ಇಕ್ಕಟ್ಟಿನ ಜಾಗ ಮಾರಿಕಣಿವೆ. ಅಲ್ಲಿ ಕಣಿವೆ ಮಾರಮ್ಮ ನೆಲೆಸಿದ್ದಾಳೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1898ರಲ್ಲಿ ಕೆಲಸ ಶುರುವಾಯಿತು. ಪ್ಲೇಗ್ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟದ್ದೂ ಅದೇ ವರ್ಷ. 1907ರಲ್ಲಿ ಮುಗಿದ ಕಟ್ಟೆಗೆ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ವಾಣಿವಿಲಾಸ ಸನ್ನಿಧಾನ ಎಂಬ ಬಿರುದಿನಿಂದ ವಾಣಿವಿಲಾಸ ಸಾಗರ ಎಂದು ಹೆಸರಾಯಿತು. 162 ಅಡಿ ಎತ್ತರ, 1,330 ಅಡಿ ಉದ್ದ, 30 ಟಿಎಂಸಿ ನೀರು. ಸಂಸ್ಥಾನದಲ್ಲಿ ಅಷ್ಟು ದೊಡ್ಡ ಜಲಾಶಯ ಅದುವರೆಗೆ ಇರಲಿಲ್ಲ. ಕನ್ನಂಬಾಡಿ ಕಟ್ಟೆಗೆ ಕೈಹಾಕಿದ್ದೇ ನಾಲ್ಕು ವರ್ಷ ತಡವಾಗಿ.

ನೀರು ಬಂತು, ಅದರ ಹಿಂದೆಯೇ ಜ್ವರ ಬಂತು. ನಾಲೆಯಿಂದ ಜಿನುಗಿದ ನೀರು ತಗ್ಗುಗಳಲ್ಲಿ ನಿಂತಿತು. ಮಣ್ಣು ತೆಗೆದ ಗುಂಡಿಗಳು ತುಂಬಿದವು, ಗದ್ದೆಗಳು ತಿಂಗಳುಗಟ್ಟಲೆ ನೀರುಂಡವು. ಬಿಸಿಲು ಬೀಳುವ ತಿಳಿನೀರೇ ಅನಾಫಿಲಿಸ್ ಕುಲಿಸಿಫೇಸಿಸ್ ಎಂಬ ಸೊಳ್ಳೆಗೆ ಇಷ್ಟ. ಬಯಲುಸೀಮೆಯ ಮಲೇರಿಯಾವನ್ನು ಹೊತ್ತು ತಿರುಗುವುದು ಮುಖ್ಯವಾಗಿ ಇದೇ. ನೀರಿದ್ದೂ ಅಚ್ಚುಕಟ್ಟಿನಲ್ಲಿ ಒಕ್ಕಲು ನಿಲ್ಲುವುದು ಕಷ್ಟವಾಯಿತು. ಬರದಿಂದ ಜನರನ್ನು ಉಳಿಸಲು ಕಟ್ಟಿದ ಕಟ್ಟೆ ಅವರನ್ನು ಇನ್ನೊಂದು ಸಂಕಟಕ್ಕೆ ನೂಕಿದ್ದು ಈ ಸೀಮೆಯ ಚರಿತ್ರೆಯಲ್ಲಿ ಅತ್ಯಂತ ನೋವಿನ ಭಾಗ. ಈ ಜ್ವರ ಕಾಲರಾದಂತೆ ಬಂದು ಹೋಗುವುದಲ್ಲ. ಒಂದು ಬಗೆಯ ಮಲೇರಿಯಾದ ರೋಗಾಣು ಪಿತ್ತಜನಕಾಂಗದಲ್ಲಿ ಅವಿತು ತಿಂಗಳುಗಳ ಮೇಲೆ ಮತ್ತೆ ಏಳುತ್ತದೆ; ಮತ್ತೆ ಮತ್ತೆ ಸೊಳ್ಳೆ ಕಚ್ಚುವುದರಿಂದ ಹೊಸ ಸೋಂಕೂ ಕೂಡುತ್ತದೆ. ರಕ್ತ ಕುಂದಿ, ಮೈ ಬಿಳಿಚಿ, ಹೊಟ್ಟೆಯ ಎಡಗಡೆ ಗುಲ್ಮ ಊದಿ ಕೈಗೆ ಗಟ್ಟಿಯಾಗಿ ಸಿಗುತ್ತದೆ. ಜನ ಅದನ್ನು ಜ್ವರಗಡ್ಡೆ ಎಂದರು. ಹೆಸರಿಗೆ ಸಾಂಕ್ರಾಮಿಕವಾದರೂ ಬದುಕಿನಲ್ಲಿ ಇದು ಬಹುದಿನದ ಕಾಯಿಲೆಯೇ.

ಜ್ವರಗಡ್ಡೆಯೇ ಅಳತೆಗೋಲೂ ಆದದ್ದು ಒಂದು ವಿಶೇಷ. ಇದರ ಮೂಲ ಉತ್ತರ ಭಾರತದ ಯಮುನಾ ನಾಲೆಗಳಲ್ಲಿದೆ. ನಾಲೆ ನೀರಿನಿಂದ ಜ್ವರ ಹೆಚ್ಚುತ್ತಿದೆಯೇ ಎಂದು ನೋಡಲು 1845ರಲ್ಲಿ ಬೇಕರ್, ಡೆಂಪ್‌ಸ್ಟರ್, ಯೂಲ್ ಎಂಬ ಮೂವರ ಸಮಿತಿ ನೇಮಕವಾಯಿತು. ಅವರಲ್ಲಿ ವೈದ್ಯನಾಗಿದ್ದ ಡೆಂಪ್‌ಸ್ಟರ್ ಹಳ್ಳಿ ಹಳ್ಳಿಗೆ ಹೋಗಿ ಜನರ ಹೊಟ್ಟೆ ಮುಟ್ಟಿ ನೋಡಿ, ನೂರಕ್ಕೆ ಎಷ್ಟು ಮಂದಿಗೆ ಗುಲ್ಮ ಊದಿದೆ ಎಂದು ಎಣಿಸಿದ. ಸೊಳ್ಳೆಯ ಪಾತ್ರ ಇನ್ನೂ ಯಾರಿಗೂ ತಿಳಿದಿರಲಿಲ್ಲ. ರೊನಾಲ್ಡ್ ರಾಸ್ ಅದನ್ನು ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಆದರೂ ಎಣಿಕೆ ಕೆಲಸ ಕೊಟ್ಟಿತು. ಮುಂದೆ ಎರಡರಿಂದ ಹತ್ತು ವರ್ಷದ ಮಕ್ಕಳ ಗುಲ್ಮದ ಪ್ರಮಾಣ ಲೋಕವೆಲ್ಲ ಒಪ್ಪಿದ ಸೂಚಿಯಾಯಿತು. ನೂರಕ್ಕೆ ಹತ್ತರೊಳಗಿದ್ದರೆ ಮಲೇರಿಯಾ ಕಡಿಮೆ, ಐವತ್ತು ದಾಟಿದರೆ ಊರಿಗೆ ಊರೇ ಜ್ವರದ ಹಿಡಿತದಲ್ಲಿದೆ ಎಂದು ಅರ್ಥ. ಎಷ್ಟು ಮಾತ್ರೆ ಹಂಚಿದೆವು ಎಂದು ಎಣಿಸುವುದು ಸುಲಭ, ಅದರಿಂದ ಊರಿಗೆ ಏನಾಯಿತು ಎಂದು ತಿಳಿಯುವುದು ಕಷ್ಟ. ಮಗುವಿನ ಹೊಟ್ಟೆಯ ಮೇಲೆ ಇಟ್ಟ ಕೈ ಈ ಎರಡನೆಯ ಪ್ರಶ್ನೆಗೆ ಯಾವ ಯಂತ್ರವೂ ಇಲ್ಲದೆ ಉತ್ತರ ಕೊಡುತ್ತಿತ್ತು.

1920ರ ದಶಕದ ಕೊನೆಗೆ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನಕ್ಕೆ ಇಳಿಯಿತು. ಪ್ರತಿಷ್ಠಾನದ ಡಾ. ಡಬ್ಲ್ಯು. ಸಿ. ಸ್ವೀಟ್ ಮತ್ತು ಸಂಸ್ಥಾನದ ಡಾ. ಬಿ. ಎ. ರಾವ್ ಇದರ ಮುಂದಾಳುಗಳು. ಶ್ರೀರಂಗಪಟ್ಟಣದ ಬಳಿಯ ನಾಗೇನಹಳ್ಳಿ, ಮಲೆನಾಡಿನ ಮೂಡಿಗೆರೆ, ನಾಲೆ ಬಂದ ಮಂಡ್ಯ, ಮಾರಿಕಣಿವೆಯ ನೀರುಂಡ ಹಿರಿಯೂರು ಸೀಮೆ ಹೀಗೆ ಬೇರೆ ಬೇರೆ ನೆಲಗಳಲ್ಲಿ ಕೆಲಸ ನಡೆಯಿತು. ಮಲೆನಾಡಿನ ಸೊಳ್ಳೆ ಬೇರೆ, ಬಯಲಿನದು ಬೇರೆ. ಒಂದು ಕಡೆಯ ಉಪಾಯ ಇನ್ನೊಂದು ಕಡೆ ನಡೆಯದು ಎಂಬುದು ಇಲ್ಲಿ ಖಚಿತವಾಯಿತು. ಸ್ವೀಟ್ ಮತ್ತು ರಾವ್ 1937ರಲ್ಲಿ ಗುರುತಿಸಿದ ಸೊಳ್ಳೆಯ ಉಪಬಗೆಯೊಂದು ‘ಮೈಸೊರೆನ್ಸಿಸ್’ ಎಂಬ ಹೆಸರಿನಲ್ಲಿ ಇಂದಿಗೂ ಜಗತ್ತಿನ ಮಲೇರಿಯಾ ಗ್ರಂಥಗಳಲ್ಲಿದೆ. ನಿಂತ ನೀರಿನ ಮೇಲೆ ಪ್ಯಾರಿಸ್ ಗ್ರೀನ್ ಎಂಬ ತಾಮ್ರ–ಪಾಷಾಣದ ಪುಡಿಯನ್ನು ಧೂಳಿನೊಂದಿಗೆ ಬೆರೆಸಿ ತೂರುವುದು ಆ ಕಾಲದ ಮುಖ್ಯ ಉಪಾಯ. ನೀರಿನ ಮೇಲ್ಪದರದಲ್ಲಿ ಮೇಯುವ ಮರಿಗಳು ಅದನ್ನು ನುಂಗಿ ಸಾಯುತ್ತಿದ್ದವು. ಮದ್ದಿನ ಪಾಲಿಗೆ ಇದ್ದದ್ದು ಕ್ವಿನೈನ್. ಅದು ಜ್ವರವನ್ನು ಇಳಿಸುತ್ತಿತ್ತು. ಆದರೆ ಕಹಿ, ಕಿವಿ ಗುಂಯ್‌ಗುಡುವುದು, ಜ್ವರ ಬಿಟ್ಟ ಮೂರನೆಯ ದಿನಕ್ಕೆ ಮಾತ್ರೆಯನ್ನೂ ಬಿಡುವ ಅಭ್ಯಾಸ ಎಲ್ಲ ಸೇರಿ ಅರ್ಧಕ್ಕೆ ನಿಂತ ಚಿಕಿತ್ಸೆಯೇ ಹೆಚ್ಚು. ಇಂದು ಬಿಪಿ ಮಾತ್ರೆಯನ್ನು ‘ಈಗ ಆರಾಮಾಗಿದೆ’ ಎಂದು ಬಿಡುವವರ ಕಥೆಯೂ ಇದೇ. ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಬಂತು. 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, 1958ರ ನಿರ್ಮೂಲನ ಕಾರ್ಯಕ್ರಮಗಳಲ್ಲಿ ಸಿಂಪಡಣೆಯವರು ಮನೆಮನೆಯ ಗೋಡೆಗೆ ಬಂದರು. ಜ್ವರಗಡ್ಡೆ ನಿತ್ಯದ ಮಾತಿನಿಂದ ಮೆಲ್ಲನೆ ಮರೆಯಾಯಿತು.

ಇತ್ತ ಜಗತ್ತಿನಲ್ಲಿ ನೆರವಿನ ಪೆಟ್ಟಿಗೆ ದೊಡ್ಡದಾಗುತ್ತ ಹೋಗಿತ್ತು, ಅದರೊಂದಿಗೆ ಗೊಂದಲವೂ. 1988ರ ಆರ್ಮೇನಿಯಾ ಭೂಕಂಪಕ್ಕೆ ಸುಮಾರು 5,000 ಟನ್ ಔಷಧಿ ಬಂದು ಬಿತ್ತು. ಅದನ್ನು ಬೇರ್ಪಡಿಸಲು 50 ಜನ ಆರು ತಿಂಗಳು ದುಡಿದರು. ಅವಧಿ ಮೀರಿದ್ದು, ಗುರುತು ಸಿಗದ ಭಾಷೆಯ ಲೇಬಲಿನದ್ದು, ಆ ನಾಡಿನಲ್ಲಿ ಬಳಕೆಯೇ ಇಲ್ಲದ್ದು. ಯುದ್ಧಕ್ಕೆ ಸಿಕ್ಕಿದ ಬೋಸ್ನಿಯಾಕ್ಕೆ 1992–96ರ ನಡುವೆ ಬಂದ ನಿರುಪಯುಕ್ತ ಔಷಧಿ 17,000 ಟನ್ ಎಂದು ಅಂದಾಜು. ಅದನ್ನು ಸುಡುವುದೇ ಹೊಸ ಹೊರೆಯಾಯಿತು. ಔಷಧಿ ದಾನಕ್ಕೆ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ನಿಯಮ ಮಾಡಿದ್ದು ಇದರಿಂದ. ಇದಕ್ಕೆ ಮೊದಲೇ ರೂಪುಗೊಂಡಿದ್ದ ಇನ್ನೊಂದು ಉತ್ತರ ಸಿದ್ಧ ಕಿಟ್. 1990ರಲ್ಲಿ ಬಂದ ಹೊಸ ತುರ್ತು ಆರೋಗ್ಯ ಕಿಟ್ 10,000 ಜನಕ್ಕೆ ಮೂರು ತಿಂಗಳು ಎಂಬ ಅಳತೆಯನ್ನು ಗಟ್ಟಿ ಮಾಡಿತು. ತಲಾ 1,000 ಜನಕ್ಕೆ ಸಾಲುವ ಹತ್ತು ಮೂಲ ಘಟಕ, ವೈದ್ಯರ ಕೈಗೆ ಒಂದು ಪೂರಕ ಘಟಕ. ಮೂಲ ಘಟಕವನ್ನು ತರಬೇತಿ ಕಡಿಮೆ ಇರುವ ಆರೋಗ್ಯ ಕಾರ್ಯಕರ್ತೆಯೂ ಬಳಸಬಲ್ಲಳು. ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂದು ಬಿಚ್ಚುವ ಮೊದಲೇ ಗೊತ್ತಿರುವುದು ಎಷ್ಟು ದೊಡ್ಡ ಉಪಕಾರ ಎಂಬುದು ಆರ್ಮೇನಿಯಾದ ಗೋದಾಮಿನಲ್ಲಿ ನಿಂತವರಿಗೆ ತಿಳಿದಿದ್ದೀತು.

ಆ ಕಿಟ್ಟಿನ ಮನಸ್ಸಿನಲ್ಲಿದ್ದ ರೋಗಿ ಮಾತ್ರ 1877ರ ರೋಗಿಯೇ: ಭೇದಿ, ಜ್ವರ, ನ್ಯುಮೋನಿಯಾ, ಗಾಯ. ಬಡದೇಶದ ನಿರಾಶ್ರಿತರ ಶಿಬಿರವೇ ಅದರ ಅಚ್ಚು. 2005ರಲ್ಲಿ ಕತ್ರಿನಾ ಚಂಡಮಾರುತ ಅಮೆರಿಕದ ನ್ಯೂ ಆರ್ಲಿಯನ್ಸನ್ನು ಮುಳುಗಿಸಿದಾಗ ಶಿಬಿರಗಳಿಗೆ ಬಂದವರಲ್ಲಿ ಬಹಳ ಮಂದಿ ಕೇಳಿದ್ದು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾತ್ರೆ. 2011ರಿಂದ ಸಿರಿಯಾ ಬಿಟ್ಟು ಜೋರ್ಡಾನ್, ಲೆಬನಾನ್ ಸೇರಿದ ಕುಟುಂಬಗಳದ್ದೂ ಅದೇ ಬೇಡಿಕೆ. ನೆರವಿನ ಕನಿಷ್ಠ ಮಟ್ಟವನ್ನು ಹೇಳುವ ಸ್ಫಿಯರ್ ಕೈಪಿಡಿ ಸಾಂಕ್ರಾಮಿಕವಲ್ಲದ ಕಾಯಿಲೆಗಳಿಗೆ ತನ್ನ 2011ರ ಆವೃತ್ತಿಯಲ್ಲಿ ಜಾಗ ಕೊಟ್ಟಿತು. ಕೊನೆಗೆ 2016–17ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕಾಯಿಲೆಗಳಿಗೇ ಮೀಸಲಾದ ಕಿಟ್ ತಂದಿತು. ಅಳತೆ ಹಳೆಯದೇ, 10,000 ಜನ, ಮೂರು ತಿಂಗಳು. ಅಮ್ಲೋಡಿಪಿನ್, ಮೆಟ್‌ಫಾರ್ಮಿನ್, ಆಸ್ಪಿರಿನ್, ಉಬ್ಬಸಕ್ಕೆ ಸಾಲ್ಬುಟಮಾಲ್, ತಣ್ಣಗಿಡಬೇಕಾದ ಇನ್ಸುಲಿನ್ನಿಗೆ ಪ್ರತ್ಯೇಕ ಭಾಗ, ಜೊತೆಗೆ ಪರೀಕ್ಷಾ ಸಲಕರಣೆ.

ಇಂಥ ಕಿಟ್ ಕೆಲಸ ಮಾಡಿತೇ ಎಂದು ಅಳೆಯುವುದು ಹೇಗೆ? ಯೆಮೆನ್ ಮತ್ತು ಲಿಬಿಯಾಗಳಲ್ಲಿ ಇದನ್ನು ಪರಿಶೀಲಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅಳೆಯುವ ಮೊದಲ ದಾರಿ ಗೋದಾಮಿನದು: ಯಾವ ಮಾತ್ರೆ ಮೊದಲು ಮುಗಿಯಿತು, ಯಾವುದು ಅವಧಿ ಮೀರಿ ಉಳಿಯಿತು. 10,000 ಜನರಲ್ಲಿ ಇಷ್ಟು ಮಂದಿಗೆ ರಕ್ತದೊತ್ತಡ ಇರಬಹುದು ಎಂಬ ಅಂದಾಜಿನ ಮೇಲೆ ಮಾತ್ರೆ ತುಂಬಿರುತ್ತಾರೆ. ಊರಿನ ಕಾಯಿಲೆಗಳ ಮಿಶ್ರಣ ಬೇರೆಯಾದರೆ ಒಂದು ಡಬ್ಬಿ ತಿಂಗಳಲ್ಲಿ ಬರಿದು, ಇನ್ನೊಂದು ಮುಟ್ಟದೆ ಹಾಗೇ. ಎರಡನೆಯ ದಾರಿ ಸಿಬ್ಬಂದಿಯದು: ತೆರೆದು ಬಳಸಲು ಅವರಿಗೆ ಗೊತ್ತಿತ್ತೇ, ಆ ನಾಡಿನ ಚಿಕಿತ್ಸಾ ಪದ್ಧತಿಗೆ ಈ ಔಷಧಿ ಹೊಂದಿತೇ. ಮೂರನೆಯದು ರೋಗಿಯದು, ಎಲ್ಲಕ್ಕಿಂತ ಕಠಿಣವಾದದ್ದು: ಮುಂದಿನ ತಿಂಗಳು ಅವನು ಮರಳಿ ಬಂದನೇ, ಒತ್ತಡ ಇಳಿದಿತ್ತೇ, ಮೂರು ತಿಂಗಳು ಕಳೆದ ಮೇಲೆ ಮಾತ್ರೆ ಎಲ್ಲಿಂದ ಬಂತು. ಗೋದಾಮಿನ ಪುಸ್ತಕ ಇದನ್ನು ಹೇಳಲಾರದು. ಪ್ರತಿ ರೋಗಿಗೂ ಕೈಚೀಟಿ ಅಥವಾ ಕಾರ್ಡ್ ಇದ್ದು ಅದರಲ್ಲಿ ಪ್ರತಿ ಭೇಟಿಯ ಅಂಕಿ ಬರೆದಿದ್ದರೆ ಮಾತ್ರ ಗೊತ್ತಾಗುತ್ತದೆ. ಮಲೇರಿಯಾದವರಿಗೆ ಮಕ್ಕಳ ಗುಲ್ಮ ಇತ್ತು. ರಕ್ತದೊತ್ತಡಕ್ಕೆ ಹಾಗೆ ಮುಟ್ಟಿದರೆ ಸಿಗುವ ಗುರುತಿಲ್ಲ, ಬರೆದಿಟ್ಟ ಅಂಕಿಯೇ ಗುರುತು.

ಇನ್ಸುಲಿನ್ ಈ ಪೆಟ್ಟಿಗೆಯ ಅತಿ ಸೂಕ್ಷ್ಮ ವಸ್ತು. ತೆರೆಯದ ಸೀಸೆ 2ರಿಂದ 8 ಡಿಗ್ರಿಯಲ್ಲಿರಬೇಕು ಎಂಬ ನಿಯಮದಿಂದಾಗಿ ಫ್ರಿಜ್ ಇಲ್ಲದ ಮನೆಯ ರೋಗಿ ದಿನಕ್ಕೆರಡು ಸಲ ಆಸ್ಪತ್ರೆಗೆ ನಡೆಯಬೇಕಾಗುತ್ತಿತ್ತು. ಕೀನ್ಯಾದ ದಗಹಲೆ ನಿರಾಶ್ರಿತರ ಶಿಬಿರದ ಮನೆಗಳ ತಾಪವನ್ನು ಅಳೆದು ನಡೆಸಿದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 25ರಿಂದ 37 ಡಿಗ್ರಿಯ ಏರಿಳಿತದಲ್ಲೂ ಇನ್ಸುಲಿನ್ ನಾಲ್ಕು ವಾರ ಶಕ್ತಿ ಉಳಿಸಿಕೊಂಡಿತು. ಒದ್ದೆ ಮಣ್ಣಿನ ಮಡಕೆಯಲ್ಲಿಟ್ಟರೆ ನೀರು ಆವಿಯಾಗಿ ತಾಪ ಇನ್ನಷ್ಟು ಇಳಿಯುತ್ತದೆ. ಈ ಉಪಾಯ ಚೆನ್ನಾಗಿ ನಡೆಯುವುದು ಒಣಗಾಳಿಯಲ್ಲಿ. ಹಿರಿಯೂರು, ಚಳ್ಳಕೆರೆಗಳ ಬೇಸಿಗೆ ಅಂಥದೇ.

ಕರ್ನಾಟಕದ ಈಚಿನ ಸಂಕಟಗಳಲ್ಲಿ ಮದ್ದಿನ ಲೆಕ್ಕ ಬೇರೆಯದೇ ಆಯಿತು. 2009ರ ಉತ್ತರ ಕರ್ನಾಟಕದ ನೆರೆ, 2018ರ ಕೊಡಗಿನ ಭೂಕುಸಿತ, 2019ರ ಕೃಷ್ಣಾ ತೀರದ ನೆರೆಗಳಲ್ಲಿ ಜನ ಗಂಜಿ ಕೇಂದ್ರಗಳಿಗೆ ಬಂದರು. ಈ ಕೇಂದ್ರಗಳನ್ನು ಈಗ ಕಾಳಜಿ ಕೇಂದ್ರ ಎನ್ನುತ್ತಾರೆ. ಹೆಸರಿನಲ್ಲಿ ಗಂಜಿ ಉಳಿದಷ್ಟು ಕಾಲ ಧಾತು ಬರದ ನೆನಪೂ ಉಳಿದಿತ್ತು. ನಡುರಾತ್ರಿ ಮನೆ ಬಿಟ್ಟ ಅಜ್ಜಿಗೆ ಮಾತ್ರೆಯ ಹೆಸರು ನೆನಪಿರುವುದಿಲ್ಲ, ‘ಬಿಳಿ ಮಾತ್ರೆ, ಬೆಳಿಗ್ಗೆ ಒಂದು’ ಎಂಬುದಷ್ಟೇ ಗೊತ್ತು. ಚೀಟಿ ನೀರಿನ ಪಾಲಾಗಿರುತ್ತದೆ. 2020ರ ಲಾಕ್‌ಡೌನಿನಲ್ಲಿ ನೀರೂ ಇಲ್ಲ, ಶಿಬಿರವೂ ಇಲ್ಲ, ಬಸ್ಸು ಮಾತ್ರ ನಿಂತಿತ್ತು. ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಗೆ ಬಂದು ಮಾತ್ರೆ ಒಯ್ಯುವವರಿಗೆ ಅಷ್ಟೇ ಸಾಕಾಗಿತ್ತು. ಆ ಏಪ್ರಿಲಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸಕ್ಕರೆ ಕಾಯಿಲೆ, ರಕ್ತದೊತ್ತಡದವರಿಗೆ ಆಶಾ ಕಾರ್ಯಕರ್ತೆಯರ ಅಥವಾ ಉಪಕೇಂದ್ರಗಳ ಮೂಲಕ ಮೂರು ತಿಂಗಳವರೆಗಿನ ಮಾತ್ರೆ ಒಟ್ಟಿಗೇ ಕೊಡಬಹುದೆಂದು ಸೂಚಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕಿಟ್ಟಿನ ಅದೇ ಮೂರು ತಿಂಗಳು. ಆದರೆ ಇಲ್ಲಿ ಅಂದಾಜಿನ ಜನರ ಜಾಗದಲ್ಲಿ ಹೆಸರಿದ್ದ ರೋಗಿಗಳಿದ್ದರು. ಯಾರ ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಎಂಬುದು ಆಶಾಳ ಪುಸ್ತಕದಲ್ಲಿತ್ತು. 2024ರಲ್ಲಿ ಕೋಲಾರದಿಂದ ಶುರುವಾದ ಕರ್ನಾಟಕ ಸರ್ಕಾರದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಿಗೇ ಹೋಗಿ ಈ ಕಾಯಿಲೆಗಳ ತಪಾಸಣೆ ಮಾಡಿ ಮಾತ್ರೆ ಕೊಡುವುದನ್ನು ನಿತ್ಯದ ಕ್ರಮವಾಗಿಸಲು ಹೊರಟಿತು.

ವಾಣಿವಿಲಾಸ ಸಾಗರ ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ಮತ್ತೆ ಬಿದ್ದದ್ದು 89 ವರ್ಷಗಳ ಮೇಲೆ, 2022ರ ಸೆಪ್ಟೆಂಬರಿನಲ್ಲಿ. ಹಿರಿಯೂರಿನ ಜನ ಬಾಗಿನಕ್ಕೆ ಓಡಿದ ಹೊತ್ತಿಗೆ ಹಿನ್ನೀರು ಹೊಸದುರ್ಗ ತಾಲ್ಲೂಕಿನ ತೋಟ, ಹೊಲಗಳನ್ನು ಮುಳುಗಿಸಿತ್ತು. ಕಟ್ಟೆಯ ನೀರು ಇಂದು ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಗಳ ಕುಡಿಯುವ ನೀರೂ ಹೌದು. ಈ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ವರ್ಷಗಟ್ಟಲೆ ಅದನ್ನು ಕುಡಿದವರ ಹಲ್ಲು ಕಂದಾಗುತ್ತದೆ, ಮೂಳೆ ಬಿಗಿದು ಬೆನ್ನು ಬಾಗುತ್ತದೆ. ಒಮ್ಮೆ ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಮಾತ್ರೆ ಯಾವ ಕಿಟ್ಟಿನಲ್ಲೂ ಇಲ್ಲ. ಅದಕ್ಕೆ ಬೇಕಾದ ಒಳ್ಳೆಯ ನೀರು ಕೊಳವೆಯಲ್ಲಿ, ದಿನವೂ, ಊರಿಗೆ ಬರಬೇಕು.